"ಒನಕೆಗೆ ಇವತ್ತೂ ಗ್ರಹಣ ಹಿಡಿದಿದೆಯಾ?": ಪ್ರಶ್ನಿಸುವ ಮಗು, ನೊಂದ ಅಜ್ಜಿ, ನಡುವೆ ನಾನು

ತಿಪಟೂರಿನ ಸೊಸೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ, ಒಂದನೆಯ ತರಗತಿ. 2025ರ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಚಂದ್ರಗ್ರಹಣವಿತ್ತಲ್ಲ, ಅಂದು ನಮ್ಮ ಅತ್ತೆಯವರು ಅಟ್ಟದ ಮೇಲಿದ್ದ ಹಳೆಯ ಒನಕೆಯನ್ನು ಇಳಿಸಿ, ಹಿತ್ತಾಳೆಯ ತಟ್ಟೆಗೆ ಅರಿಸಿನದ ನೀರು ಹಾಕಿ, ಅದರ ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸಿದರು. ಹತ್ತು ಗಂಟೆಯ ಹೊತ್ತಿಗೆ ಗ್ರಹಣ ಹಿಡಿಯಿತು, ಒನಕೆಯೂ ನಿಂತಿತು. ಅಕ್ಕಪಕ್ಕದವರೆಲ್ಲ ಬಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಗ್ರಹಣ ಇರುವವರೆಗೆ ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂದು ಅತ್ತೆ ಮೊಮ್ಮಗಳಿಗೆ ಹೇಳಿದರು. ಗ್ರಹಣ ಬಿಟ್ಟದ್ದು ಸುಮಾರು ಒಂದೂವರೆಗೆ. ಅಷ್ಟು ಹೊತ್ತಿಗೆ ಮೊಮ್ಮಗಳೂ ಮಲಗಿದ್ದಳು, ಅತ್ತೆಯವರೂ ಮಲಗಿದ್ದರು. ಯಾರ ಕಾಲಿನ ಮೇಲಾದರೂ ಬಿದ್ದೀತೆಂದು ನಾನೇ ಅದನ್ನು ಎತ್ತಿ ಗೋಡೆಗೆ ಒರಗಿಸಿದ್ದೆ.

ಬುಧವಾರ ಸಂಜೆ ನಾನು ಕೆಲಸದಿಂದ ಬರುವ ವೇಳೆಗೆ ಮಗಳು ಪಕ್ಕದ ಮನೆಯ ಹುಡುಗಿಯನ್ನು ಕರೆತಂದು, ಅದೇ ತಟ್ಟೆಯಲ್ಲಿ ಅದೇ ಒನಕೆಯನ್ನು ನಿಲ್ಲಿಸುವ ಪ್ರಯತ್ನದಲ್ಲಿದ್ದಳು. ಮೂರು ಸಲ ವಾಲಿತು, ನಾಲ್ಕನೆಯ ಸಲ ನಿಂತಿತು. ಅಷ್ಟಕ್ಕೇ ಮುಗಿದಿದ್ದರೆ ಸಾಕಿತ್ತು. ನೆಂಟರಿಬ್ಬರು ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅಲ್ಲಿಗೆ ಹೋಗಿ, "ಅಜ್ಜಿ, ಒನಕೆಗೆ ಇವತ್ತೂ ಗ್ರಹಣ ಹಿಡಿದಿದೆಯಾ?" ಎಂದು ಕೇಳಿಬಿಟ್ಟಳು. ನೆಂಟರು ನಕ್ಕರು, ಅತ್ತೆ ನಗಲಿಲ್ಲ. ಅಂದಿನಿಂದ ಅವರು ಮಗುವಿನೊಡನೆ ಮಾತಾಡುತ್ತಾರೆ, ಆದರೆ ಕಥೆ ಹೇಳುತ್ತಿಲ್ಲ. "ಎದುರು ಮಾತಾಡುವುದನ್ನು ನೀನೇ ಕಲಿಸಿದ್ದು" ಎಂಬುದು ನಮ್ಮ ಯಜಮಾನರ ತೀರ್ಮಾನ.

ನಾನು ಏನನ್ನೂ ಕಲಿಸಿಲ್ಲ. ಆದರೆ ಕಲಿಸಬೇಕೆಂಬ ಆಸೆ ಇರುವುದು ನಿಜ. ಮಗು ಕೇಳಿದ್ದನ್ನೆಲ್ಲ ನಂಬದೆ ತಾನೇ ಯೋಚಿಸಿ ನೋಡಬೇಕು, ಹಾಗೆಂದು ಮನೆಯ ಹಿರಿಯರು ನೋಯಲೂಬಾರದು. ಇದು ಆಗುವ ಮಾತೇ? ಆರು ವರ್ಷಕ್ಕೇ ಇದನ್ನೆಲ್ಲ ಆರಂಭಿಸಬೇಕೇ, ಇಲ್ಲವೇ ಸ್ವಲ್ಪ ದೊಡ್ಡವಳಾದ ಮೇಲೆ ನೋಡಿಕೊಳ್ಳಬಹುದೇ?

ಕಾಫಿಪುಡಿ

ಮಗುವಿಗೊಂದು ಚಪ್ಪಾಳೆ. ಮಿಕ್ಸಿಯ ಕಾಲದಲ್ಲೂ ಒನಕೆಯನ್ನು ಜೋಪಾನವಾಗಿ ಇಟ್ಟುಕೊಂಡ ಅಜ್ಜಿಗೆ ಇನ್ನೊಂದು.

ಹಳೆಯ ಬೇರು

ಕ್ಷಮಿಸಿ, ನಾನು ಚಪ್ಪಾಳೆ ತಟ್ಟುವವರ ಜೊತೆಯಲ್ಲಿಲ್ಲ. ಮೊದಲು ಸಂಸ್ಕಾರ, ಆಮೇಲೆ ವಿಚಾರ. ಎಲ್ಲವನ್ನೂ ಪರೀಕ್ಷೆ ಮಾಡಿ ನೋಡು ಎಂದು ಮಗುವಿಗೆ ಹೇಳಿಕೊಟ್ಟರೆ ನಾಳೆ ಅದು ಒಲೆಯನ್ನೂ ಮುಟ್ಟಿ ನೋಡುತ್ತದೆ, ವಿದ್ಯುತ್ ಪ್ಲಗ್ಗಿಗೂ ಬೆರಳು ಇಡುತ್ತದೆ. ನಾವು ದೊಡ್ಡವರು ಹೇಳಿದ್ದನ್ನು ಕೇಳಿಕೊಂಡೇ ಬೆಳೆದೆವು, ನಮಗೇನೂ ಬುದ್ಧಿ ಕಡಿಮೆಯಾಗಲಿಲ್ಲ. ಆ ಪ್ರಶ್ನೆಯನ್ನು ನೆಂಟರ ಎದುರಿಗೆ ಕೇಳುವ ಅಗತ್ಯವೇನಿತ್ತು ಎಂಬುದಕ್ಕೆ ಯಾರಾದರೂ ಉತ್ತರ ಹೇಳಲಿ.

ಲೆಕ್ಕದ ಮೇಷ್ಟ್ರು

ಆರು ವರ್ಷದ ಮಗುವಿಗೆ ನೆಂಟರ ಎದುರು, ನೆಂಟರ ಹಿಂದು ಎಂಬ ಲೆಕ್ಕ ಗೊತ್ತಿರುವುದಿಲ್ಲ ಸ್ವಾಮಿ. ಅದು ಅಜ್ಜಿಯನ್ನು ಸೋಲಿಸಲು ಹೋಗಿಲ್ಲ, ಹೊಸ ಸುದ್ದಿಯನ್ನು ಅಜ್ಜಿಗೆ ತಿಳಿಸಲು ಹೋಗಿದೆ. ಒಲೆಯ ಮಾತು ಬೇರೆ. ಒಲೆ ಸುಡುತ್ತದೆ ಎನ್ನುವವರು ಕಾರಣವನ್ನೂ ಹೇಳಬಲ್ಲರು. ದೂರದಿಂದ ಕೈಯೊಡ್ಡಿ ಬಿಸಿಯನ್ನು ತೋರಿಸಲೂ ಬಲ್ಲರು. ಒನಕೆ ನಿಲ್ಲಲು ಗ್ರಹಣವೇ ಕಾರಣ ಎನ್ನುವವರು ಏನನ್ನು ತೋರಿಸಬಲ್ಲರು?

ಒನಕೆ ನಿಲ್ಲುವುದೇನೂ ಪವಾಡವಲ್ಲ. ಅದರ ತುದಿ ಚಪ್ಪಟೆಯಾಗಿದ್ದು, ಸುತ್ತಲೂ ಕಬ್ಬಿಣದ ಅಣಸು ಇರುತ್ತದೆ. ಭಾರದ ಕೇಂದ್ರ ಆ ಚಪ್ಪಟೆ ತಳದ ನೇರಕ್ಕೆ ಬರುವಂತೆ ತಾಳ್ಮೆಯಿಂದ ನಿಲ್ಲಿಸಿದರೆ ಯಾವ ದಿನವಾದರೂ ನಿಲ್ಲುತ್ತದೆ. ಗ್ರಹಣವಿಲ್ಲದ ದಿನ ಯಾರೂ ಆ ತಾಳ್ಮೆಯನ್ನು ಖರ್ಚು ಮಾಡುವುದಿಲ್ಲ, ಗ್ರಹಣದ ದಿನ ನಿಲ್ಲದೆ ಹೋದ ಒನಕೆಯ ಫೋಟೋವನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಈ ಮಗು ಮಾಡಿದ ಕೆಲಸವೆಂದರೆ, ಗ್ರಹಣವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಹಾಗೆಯೇ ಇಟ್ಟುಕೊಂಡು ನೋಡಿದ್ದು. ನನ್ನ ಪಿಯುಸಿ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡಲು ನನಗೆ ಒಂದು ವಾರ ಬೇಕಾಗುತ್ತದೆ.

ನಿವೃತ್ತ ಟೀಚರ್, ಹೆಗ್ಗಡದೇವನಕೋಟೆ

ತಿಪಟೂರಿನ ಸೊಸೆಯವರೇ, ಆರು ವರ್ಷಕ್ಕೆ ಆರಂಭಿಸಬೇಕೇ ಎಂದು ಕೇಳಿದ್ದೀರಿ. ಮಗು ಆಗಲೇ ಆರಂಭಿಸಿದೆ, ನೀವು ನಿಲ್ಲಿಸದಿದ್ದರೆ ಸಾಕು.

1995ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯ ಪದ್ಧತಿ ಆರಂಭವಾದಾಗ ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಸಹೋದ್ಯೋಗಿಗಳು, ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತು ತಮ್ಮ ಕಾರ್ಡನ್ನು ತಾವೇ ತೆಗೆದುಕೊಂಡು ಕಲಿಯುತ್ತಾರೆ ಎಂದಾಗ ನಾನು ನಂಬಿರಲಿಲ್ಲ. ಬೆತ್ತವಿಲ್ಲದೆ ನಲವತ್ತು ಮಕ್ಕಳನ್ನು ಸಂಭಾಳಿಸುವುದುಂಟೇ ಎಂದು ಜಗಳವಾಡಿದ್ದೆ. ಆಮೇಲೆ ಅದೇ ನನ್ನ ಬದುಕಾಯಿತು. ಆದರೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಕಲಿಕಾ ಏಣಿ (ಮಗು ಹಂತಹಂತವಾಗಿ ಏರುವ ಪಾಠಗಳ ಪಟ್ಟಿ), ಮೈಲಿಗಲ್ಲು, ಕಾರ್ಡು, ತಟ್ಟೆ ಎಲ್ಲವೂ ಇದ್ದು, ಟೀಚರಿಗೆ "ಮುಂದಿನ ಕಾರ್ಡಿಗೆ ಹೋಗು" ಎನ್ನುವ ಅವಸರವಿದ್ದರೆ, ಮಗು ಕಾರ್ಡು ಮುಗಿಸುವುದನ್ನು ಕಲಿಯುತ್ತದೆಯೇ ಹೊರತು ಯೋಚಿಸುವುದನ್ನಲ್ಲ. ಅಂಥ ತರಗತಿಗಳನ್ನೂ ನಾನು ನೋಡಿದ್ದೇನೆ, ಕೆಲವು ವರ್ಷ ನನ್ನದೇ ಹಾಗಿತ್ತು.

ನನ್ನನ್ನು ಬದಲಿಸಿದ್ದು ತೀರ ಸಣ್ಣ ಸಂಗತಿ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಒಂದು ವಿಷಯ ಗಮನಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ, ಮಕ್ಕಳೇ ಮರಳಿ ಪ್ರಶ್ನೆ ಕೇಳುತ್ತಾರೆ. ತರಬೇತಿಯೊಂದರಲ್ಲಿ ಇದನ್ನು ಕೇಳಿದ ಮೇಲೆ ನಾನು ಪ್ರಶ್ನೆ ಕೇಳಿದಾಗಲೆಲ್ಲ ಸೆರಗಿನ ಮರೆಯಲ್ಲಿ ಬೆರಳು ಮಡಚಿ ಮೂರು ಎಣಿಸತೊಡಗಿದೆ. ಮೂರು ಸೆಕೆಂಡ್ ಎಷ್ಟು ಉದ್ದ ಎಂಬುದು ಆಗ ಗೊತ್ತಾಯಿತು. ಮನೆಯಲ್ಲಿಯೂ ಮಗು "ಯಾಕೆ" ಎಂದಾಗ ತಕ್ಷಣ ಉತ್ತರ ಕೊಡಬೇಡಿ, "ನಿನಗೇನು ಅನ್ನಿಸುತ್ತದೆ?" ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕಾಯಿರಿ. ಎರಡನೆಯದು ಕಷ್ಟ.

ಕಾಫಿಪುಡಿ

ಬೆಳಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ "ಸಾಕ್ಸ್ ಯಾಕೆ ಹಾಕಬೇಕು" ಎಂದು ಕೇಳುವ ಮಗುವಿಗೆ ಮೂರು ಸೆಕೆಂಡ್ ಕಾದರೆ ವ್ಯಾನ್ ಹೋಗಿರುತ್ತದೆ ಟೀಚರ್.

ನಿವೃತ್ತ ಟೀಚರ್, ಹೆಗ್ಗಡದೇವನಕೋಟೆ

ಆಗ ಸಾಕ್ಸ್ ಹಾಕಿ ಕಳಿಸಿ, ಸಂಜೆ ಕಾಯಿರಿ. ಸಂಜೆಗೆ ನೀವು ಮರೆತಿರುತ್ತೀರಿ, ಮಗು ಮರೆತಿರುವುದಿಲ್ಲ.

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ವಯಸ್ಸಿನ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರ ಪ್ರಯೋಗವನ್ನು ಬಿ.ಎಡ್. ಮಾಡಿದವರೆಲ್ಲ ಓದಿರುತ್ತಾರೆ. ಮಗುವಿನ ಮುಂದೆ ಎರಡು ಸಾಲುಗಳಲ್ಲಿ ಒಂದೇ ಸಂಖ್ಯೆಯ ಗುಂಡಿಗಳನ್ನು (ಬಟನ್) ಜೋಡಿಸುತ್ತಾರೆ. ಎರಡೂ ಸಮವೇ ಎಂದು ಕೇಳಿದರೆ ಮಗು ಹೌದು ಎನ್ನುತ್ತದೆ. ಆಮೇಲೆ ಒಂದು ಸಾಲನ್ನು ಅಗಲವಾಗಿ ಹರಡಿ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಐದಾರು ವರ್ಷದ ಬಹಳಷ್ಟು ಮಕ್ಕಳು ಹರಡಿದ ಸಾಲಿನಲ್ಲಿ ಹೆಚ್ಚಿದೆ ಎನ್ನುತ್ತಾರೆ. ಏಳು ವರ್ಷದವರೆಗೆ ತರ್ಕ ಬೆಳೆದಿರುವುದಿಲ್ಲ ಎಂಬ ಮಾತು ಇಂಥ ಪ್ರಯೋಗಗಳಿಂದಲೇ ಹುಟ್ಟಿದ್ದು.

ಆದರೆ 1974ರಲ್ಲಿ ಜೇಮ್ಸ್ ಮೆಕ್‌ಗಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದನ್ನು ಸ್ವಲ್ಪ ತಿರುಗಿಸಿ ನೋಡಿದರು. ನಾಲ್ಕರಿಂದ ಆರು ವರ್ಷದ 80 ಮಕ್ಕಳ ಮುಂದೆ, ಸಾಲನ್ನು ಕೆಡಿಸುವ ಕೆಲಸವನ್ನು ದೊಡ್ಡವರಿಗೆ ಕೊಡದೆ ಒಂದು ತುಂಟ ಕರಡಿ ಗೊಂಬೆಗೆ ಕೊಟ್ಟರು. ಗೊಂಬೆ ಪೆಟ್ಟಿಗೆಯಿಂದ ಜಿಗಿದು ಬಂದು ಸಾಲನ್ನು ಚದುರಿಸಿತು. ಆಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡೂ ಸಮವೇ ಎಂದು ಸರಿಯಾಗಿ ಹೇಳಿದರು. ದೊಡ್ಡವರೇ ಸಾಲನ್ನು ಬದಲಿಸಿದಾಗ ಹಾಗೆ ಹೇಳಿದವರು ಆರರಲ್ಲಿ ಒಂದು ಪಾಲಿನಷ್ಟು ಮಾತ್ರ.

ಇದಕ್ಕೆ ಕೊಡುವ ವಿವರಣೆಯನ್ನು ಈ ಚರ್ಚೆಯಲ್ಲಿರುವವರು ಗಮನಿಸಬೇಕು. ದೊಡ್ಡವರು ತಾವೇ ಏನನ್ನೋ ಬದಲಿಸಿ, ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ, "ನನ್ನ ಮೊದಲ ಉತ್ತರ ಇವರಿಗೆ ಒಪ್ಪಿಗೆಯಾಗಿಲ್ಲ, ಬೇರೆ ಉತ್ತರ ಬೇಕು" ಎಂದು ಮಗು ಅಂದಾಜು ಮಾಡುತ್ತದೆ. ಅದು ಗುಂಡಿಗಳನ್ನು ನೋಡುವುದನ್ನು ಬಿಟ್ಟು ನಮ್ಮ ಮುಖವನ್ನು ನೋಡುತ್ತದೆ. ನಮ್ಮ ಮನೆಗಳಲ್ಲಿ ಇದು ಇನ್ನೂ ಹೆಚ್ಚು. "ನಿಜವಾಗಿಯೂ? ಇನ್ನೊಮ್ಮೆ ಯೋಚಿಸು" ಎಂದು ನಾವು ಹೇಳುವುದು ಉತ್ತರ ತಪ್ಪಿದಾಗ ಮಾತ್ರ. ಉತ್ತರ ಸರಿ ಇದ್ದಾಗಲೂ ಒಮ್ಮೊಮ್ಮೆ "ಹೇಗೆ ಗೊತ್ತಾಯಿತು?" ಎಂದು ಕೇಳಿ ನೋಡಿ. ಮೊದಮೊದಲು ಮಗು ಗಾಬರಿಯಿಂದ ಉತ್ತರವನ್ನೇ ಬದಲಿಸಿಬಿಡುತ್ತದೆ. ನನ್ನ ಅಕ್ಕನ ಮಗ ಮೂರಕ್ಕೆ ನಾಲ್ಕು ಸೇರಿದರೆ ಏಳು ಎಂದವನು, ನಾನು ಹಾಗೆ ಕೇಳಿದ್ದಕ್ಕೆ ಎಂಟು ಎಂದ, ಆಮೇಲೆ ಆರು ಎಂದ, ಕೊನೆಗೆ ಅತ್ತ.

ಹಳೆಯ ಬೇರು

ಅಳಿಸುವುದೇ ವಿಚಾರವಂತಿಕೆಯಾದರೆ ನಮ್ಮ ಕಾಲದ ಮೇಷ್ಟ್ರುಗಳೆಲ್ಲ ದೊಡ್ಡ ವಿಚಾರವಾದಿಗಳೇ.

ಆದರೂ ಮುಖ ನೋಡುವ ಮಾತು ನಿಜ ಎಂದು ಒಪ್ಪುತ್ತೇನೆ. ನಮ್ಮ ಮೊಮ್ಮಗ ಉತ್ತರ ಹೇಳುವ ಮೊದಲು ತನ್ನ ತಾಯಿಯ ಹುಬ್ಬನ್ನು ನೋಡುತ್ತಾನೆ.

ಉಡುಪಿಯ ಅಪ್ಪ

ನಮ್ಮ ಕಡೆ ಇದಕ್ಕೆಲ್ಲ ಮೊದಲಿನಿಂದಲೂ ಚೆನ್ನೆಮಣೆ ಇದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಯಾವ ಗುಳಿಯಿಂದ ತೆಗೆದರೆ ಎಲ್ಲಿ ಮುಗಿಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕದವನು ಗೆಲ್ಲುವುದಿಲ್ಲ. ನನ್ನ ಎಂಟು ವರ್ಷದ ಮಗ ಅವನ ಅಜ್ಜಿಯನ್ನು ಸೋಲಿಸುತ್ತಾನೆ, ಅಜ್ಜಿಗೆ ಬೇಸರವೂ ಇಲ್ಲ. ಮಕ್ಕಳಿಗೆ ಯೋಚನೆ ಕಲಿಸಲು ಆಟಕ್ಕಿಂತ ದೊಡ್ಡ ಗುರುವಿಲ್ಲ. ನಗರದವರು ಇದಕ್ಕೇ ಚೆಸ್ ತರಗತಿ, ಅಬಾಕಸ್ ತರಗತಿ ಎಂದು ಸಾವಿರಾರು ರೂಪಾಯಿ ಕಟ್ಟುತ್ತಾರೆ.

ಲೆಕ್ಕದ ಮೇಷ್ಟ್ರು

ಚೆನ್ನೆಮಣೆ ನನಗೂ ಇಷ್ಟ, ಆದರೆ ಇದನ್ನು ಒಪ್ಪಲಾರೆ. ಚೆಸ್ ಆಡಿದರೆ ಚೆಸ್ ಬರುತ್ತದೆ, ಚೆನ್ನೆ ಆಡಿದರೆ ಚೆನ್ನೆ ಬರುತ್ತದೆ. ಒಂದು ಆಟದಲ್ಲಿ ಬೆಳೆದ ಜಾಣತನ ಬೇರೆ ವಿಷಯಕ್ಕೆ ತಾನಾಗಿ ಹರಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು ನೂರು ಶಾಲೆಗಳನ್ನು ಆರಿಸಿ, ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಕೆಲವು ಶಾಲೆಗಳಲ್ಲಿ ಚೆಸ್ ಕಲಿಸಿ, ಉಳಿದವುಗಳಲ್ಲಿ ಕಲಿಸದೆ, ಒಂದು ವರ್ಷದ ನಂತರ ಗಣಿತದಲ್ಲಿ ಎರಡೂ ಗುಂಪುಗಳನ್ನು ಹೋಲಿಸಿ ನೋಡಿದರು. 2016ರಲ್ಲಿ ಬಂದ ಆ ವರದಿಯ ಪ್ರಕಾರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಜಗತ್ತಿನ ದೊಡ್ಡ ಆಟಗಾರರಲ್ಲಿಯೂ ಜಾತಕ ತೋರಿಸದೆ ಮನೆಯ ಪಾಯ ತೆಗೆಯದವರು ಇರಬಹುದು.

ಉಡುಪಿಯ ಅಪ್ಪ

ಗಣಿತದ ಅಂಕ ಹೆಚ್ಚಲಿಲ್ಲ ಎಂದರೆ ಯೋಚನೆ ಹೆಚ್ಚಲಿಲ್ಲ ಎಂದು ಅರ್ಥವೇ ಮೇಷ್ಟ್ರೇ? ನೀವು ಅಳೆದದ್ದು ಒಂದು, ತೀರ್ಪು ಕೊಟ್ಟದ್ದು ಇನ್ನೊಂದು.

ಲೆಕ್ಕದ ಮೇಷ್ಟ್ರು

ಸರಿ, ಸಿಕ್ಕಿಹಾಕಿಕೊಂಡೆ. ಆದರೂ ಚೆನ್ನೆಯಿಂದ ಯೋಚನೆ ಹೆಚ್ಚುತ್ತದೆ ಎಂಬುದಕ್ಕೆ ನೀವೂ ಇನ್ನೂ ಏನನ್ನೂ ತೋರಿಸಿಲ್ಲ.

ಉಡುಪಿಯ ಅಪ್ಪ

ತೋರಿಸಲಾರೆ, ಆದರೆ ಒಂದು ಘಟನೆ ಹೇಳುತ್ತೇನೆ. ನಮ್ಮಲ್ಲಿ ಚೆನ್ನೆಮಣೆಯನ್ನು ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಾತ್ರ ಹೊರಗೆ ತೆಗೆಯಬೇಕು ಎನ್ನುವ ಪದ್ಧತಿ ಇದೆ. ಮಗ ಕಾರಣ ಕೇಳಿದ. ಬೇರೆ ತಿಂಗಳು ಆಡಿದರೆ ಒಳ್ಳೆಯದಾಗುವುದಿಲ್ಲ ಎಂದು ನಮ್ಮ ಅಮ್ಮ ಹೇಳಿದರು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಆಟಿಯಲ್ಲಿ ಮಳೆ ಜೋರು, ಗದ್ದೆಯ ಕೆಲಸ ಇರುವುದಿಲ್ಲ. ಬೇರೆ ತಿಂಗಳು ಆಡುತ್ತಾ ಕುಳಿತರೆ ಕೆಲಸ ಯಾರು ಮಾಡುತ್ತಾರೆ, ಅದಕ್ಕೇ ಇರಬೇಕು ಅಲ್ಲವಾ ಅಜ್ಜಿ?" ಎಂದ. ನಮ್ಮ ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಊರಿಗೆಲ್ಲ ಹೇಳಿದರು. ಅವನ ಊಹೆ ಸರಿಯೋ ತಪ್ಪೋ ಬೇರೆ ಮಾತು, ಆದರೆ ಅದರಿಂದ ಯಾರಿಗೂ ನೋವಾಗಲಿಲ್ಲ.

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ತಿಪಟೂರಿನವರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ ಅನ್ನಿಸುತ್ತದೆ. ಉಡುಪಿಯ ಹುಡುಗ "ನೀವು ಹೇಳಿದ್ದು ಸುಳ್ಳು" ಎನ್ನಲಿಲ್ಲ, "ಇದು ಯಾಕೆ ಹುಟ್ಟಿರಬಹುದು" ಎಂದು ಕೇಳಿಕೊಂಡ.

ಲೆಕ್ಕದ ಮೇಷ್ಟ್ರು

ಹಾಗಂತ ಪ್ರತಿಯೊಂದು ನಂಬಿಕೆಯ ಹಿಂದೆಯೂ ಏನೋ ಒಳ್ಳೆಯ ಕಾರಣ ಇದ್ದೇ ಇರುತ್ತದೆ ಎಂದು ಮಗುವಿಗೆ ಅಭ್ಯಾಸ ಮಾಡಿಸಬೇಡಿ. ವಾಟ್ಸಾಪಿನಲ್ಲಿ "ನಮ್ಮ ಪೂರ್ವಜರ ವಿಜ್ಞಾನ" ಎಂದು ಬರುವುದೆಲ್ಲ ಇದೇ ಅಚ್ಚಿನಲ್ಲಿ ಎರೆದದ್ದು. ಒನಕೆಯ ಹಿಂದೆ ಯಾವ ಕಾರಣವೂ ಇಲ್ಲ. ಕೆಲವೊಮ್ಮೆ ತಪ್ಪು ಎಂದರೆ ತಪ್ಪು, ಅಷ್ಟೇ.

ನೆರಳು ಅಳೆಯುವವ

ನಾನು ಕೋಲಾರದ ಕಡೆಯ ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕ. ಅಜ್ಜಿಯ ಮಾತನ್ನೇ ಮೊದಲು ಪರೀಕ್ಷಿಸಬೇಕು ಎಂದೇನಿಲ್ಲ, ನನ್ನ ಮಾತಿನಿಂದ ಆರಂಭಿಸಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ.

ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳು ಕಾಲ ಕೆಳಗೇ ಬೀಳುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ, ಕಲಿಸುತ್ತಲೂ ಇದ್ದೇವೆ. ನಾನೂ ಹಾಗೆಂದು ಬೋರ್ಡಿನ ಮೇಲೆ ಬರೆದು, ನೋಡೋಣ ಬನ್ನಿ ಎಂದು ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಡಿಸುತ್ತೇನೆ. ಡಿಸೆಂಬರಿನ ನಡುಹಗಲಿನಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಮೀಟರ್ ನೆರಳು ಬಿದ್ದಿರುತ್ತದೆ. ಮೇಷ್ಟ್ರು ಬರೆದದ್ದು ತಪ್ಪು ಎನ್ನಲು ಮೊದಲ ದಿನ ಯಾರಿಗೂ ಧೈರ್ಯ ಬರುವುದಿಲ್ಲ. ಕೋಲು ಸರಿಯಾಗಿ ನೆಟ್ಟಿಲ್ಲ, ಗಡಿಯಾರ ಸರಿ ಇಲ್ಲ ಎಂದೆಲ್ಲ ಹೇಳುತ್ತಾರೆ. ಒಂದು ವಾರವಾದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಂದು, "ಸಾರ್, ನೀವು ಬರೆದದ್ದೇ ಸರಿ ಇಲ್ಲವೇನೋ" ಎಂದು ನೆಲ ನೋಡುತ್ತಾ ಹೇಳಿದಳು. ನಾನು ಬೋರ್ಡಿನ ಮೇಲಿದ್ದುದನ್ನು ಅವಳ ಕೈಯಿಂದಲೇ ಅಳಿಸಿದೆ. ಬೆಂಗಳೂರು, ಕೋಲಾರದ ಕಡೆ ನೆರಳು ಪೂರ್ತಿ ಮಾಯವಾಗುವುದು ವರ್ಷದಲ್ಲಿ ಎರಡೇ ದಿನ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಆಗಲೂ ಸರಿಯಾಗಿ 12ಕ್ಕಲ್ಲ, ಕಾಲು ಗಂಟೆ ಕಳೆದ ಮೇಲೆ. ಏಪ್ರಿಲಿನಲ್ಲಿ ಬೇಸಿಗೆ ರಜೆ ಇದ್ದರೂ ಹನ್ನೊಂದು ಮಕ್ಕಳು ಬರಿಗಾಲಿನಲ್ಲಿ ಶಾಲೆಯ ಅಂಗಳಕ್ಕೆ ಬಂದಿದ್ದರು.

ನೀವು ಮನೆಯಲ್ಲಿ ಬೇಕೆಂದೇ ಒಂದು ತಪ್ಪು ಹೇಳಿ, ಮಗು ಅದನ್ನು ಹಿಡಿಯಲಿ, ನೀವು ಸಂತೋಷವಾಗಿ ಸೋಲಿರಿ. ಸೋತವರು ಕೋಪಿಸಿಕೊಳ್ಳದೆ ಇರುವುದನ್ನು ಮಗು ಒಮ್ಮೆಯಾದರೂ ನೋಡಿರಬೇಕು.

ಗೌರಿಬಿದನೂರಿನವ

ಸಂಸ್ಕಾರ, ವಿಚಾರ ಎಂಬ ಮಾತು ಬಂದಾಗ ನನಗೆ ನಮ್ಮ ಊರಿನ ಕಡೆಯ ಎಚ್. ನರಸಿಂಹಯ್ಯನವರ ನೆನಪಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡು, ಭೌತಶಾಸ್ತ್ರ ಕಲಿಸಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಅವರು ಸಮಿತಿ ರಚಿಸಿದಾಗ ದೊಡ್ಡ ಗದ್ದಲವಾಯಿತು. ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಸಂವಿಧಾನಕ್ಕೆ ಸೇರಿಸಿದ 42ನೆಯ ತಿದ್ದುಪಡಿ ಬಂದದ್ದೂ ಅದೇ ವರ್ಷ. ಕಚ್ಚೆಪಂಚೆ, ಗಾಂಧಿ ಟೋಪಿ ಬಿಡದ, ಹಳ್ಳಿಯ ಹಿರಿಯರಂತೆಯೇ ಬದುಕಿದ ಮನುಷ್ಯ ಅತ್ಯಂತ ಕಠಿಣವಾದ ಪ್ರಶ್ನೆಗಳನ್ನು ಕೇಳಿದರು. ಸಂಸ್ಕಾರವೋ ವಿಚಾರವೋ ಎಂದು ಆಯ್ಕೆ ಕೊಡುವವರು ಅವರನ್ನು ಯಾವ ಕಡೆ ನಿಲ್ಲಿಸುತ್ತೀರಿ?

ಹಳೆಯ ಬೇರು

ಅವರು ಆ ಪ್ರಶ್ನೆ ಕೇಳಿದ್ದು ಐವತ್ತು ದಾಟಿದ ಮೇಲೆ, ಆರನೆಯ ವಯಸ್ಸಿನಲ್ಲಲ್ಲ. ಆದರೂ ನಮ್ಮ ತಾಯಿಯವರ ಗಾದೆಯೊಂದು ನೆನಪಾಗುತ್ತಿದೆ, "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು. ಅವರು ಅದನ್ನು ಹೇಳುತ್ತಿದ್ದುದು ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ.

ಸ್ಯಾನ್ ಹೊಸೆಯ ಕನ್ನಡಿಗ

ಇಲ್ಲಿ ಅಮೆರಿಕದಿಂದ ಒಂದು ಎಚ್ಚರಿಕೆ. ನನ್ನ ಮಗಳ ಶಾಲೆಯಲ್ಲಿ ಕಿಂಡರ್‌ಗಾರ್ಟನ್‌ನಿಂದಲೇ ಮಕ್ಕಳಿಗೆ "ನಾನು ಒಪ್ಪುವುದಿಲ್ಲ, ಏಕೆಂದರೆ" ಎಂದು ಹೇಳಲು ಕಲಿಸುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ "ಏಕೆಂದರೆ"ಯ ಮುಂದೆ ಏನು ಬಂದರೂ ನಡೆಯುತ್ತದೆ ಎಂದು ನನ್ನ ಮಗಳು ತಿಳಿದುಕೊಂಡಿದ್ದಾಳೆ. "ನಾನು ಬ್ರೊಕೋಲಿಯನ್ನು ಒಪ್ಪುವುದಿಲ್ಲ, ಏಕೆಂದರೆ ನನಗೆ ಹಾಗೆ ಅನ್ನಿಸುತ್ತದೆ." ನಮ್ಮೂರಿನ ಮಗು ಬಾಯಿ ಬಿಡುವುದಿಲ್ಲ, ಇಲ್ಲಿಯ ಮಗು ಬಾಯಿ ಮುಚ್ಚುವುದಿಲ್ಲ, ಎರಡೂ ಒನಕೆಯನ್ನು ಎತ್ತಿ ನಿಲ್ಲಿಸಿ ನೋಡುವುದಿಲ್ಲ. ತಿಪಟೂರಿನ ಹುಡುಗಿ ಅಭಿಪ್ರಾಯ ಹೇಳಲಿಲ್ಲ, ಮಾಡಿ ನೋಡಿ ಬಂದಳು. ನಾಲ್ಕು ಸಲ ಮಾಡಿದಳು ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಒಂದನೇ ಕ್ಲಾಸಿನ ತಾಯಿ

ಮನೆಯಲ್ಲಿ ಎಷ್ಟು ಮಾಡಿದರೇನು, ಶಾಲೆ ಕೇಳಬೇಕಲ್ಲ. "ಹಸು ನಮಗೆ ____ ಕೊಡುತ್ತದೆ" ಎಂದು ಪ್ರಶ್ನೆಪತ್ರಿಕೆಯಲ್ಲಿತ್ತು. ನನ್ನ ಮಗ "ಹಸು ಕರುವಿಗೆ ಹಾಲು ಕೊಡುತ್ತದೆ, ನಾವು ತೆಗೆದುಕೊಳ್ಳುತ್ತೇವೆ" ಎಂದು ಬರೆದ. ಕೆಂಪು ಶಾಯಿಯಲ್ಲಿ ಅಡ್ಡಗೀಟು, ಸೊನ್ನೆ ಅಂಕ. ಅವನ ತಾತನ ಮನೆಯಲ್ಲಿ ಎರಡು ಹಸುಗಳಿವೆ, ಕರುವನ್ನು ಎಳೆದು ಕಟ್ಟುವುದನ್ನು ಅವನು ದಿನವೂ ನೋಡುತ್ತಾನೆ. "ಅಮ್ಮ, ಪರೀಕ್ಷೆಯಲ್ಲಿ ಯಾವ ಹಸುವಿನ ಬಗ್ಗೆ ಕೇಳುತ್ತಾರೆ?" ಎಂದು ಈಗ ಕೇಳುತ್ತಾನೆ. ನಾನೇನು ಹೇಳಲಿ?

ನಿವೃತ್ತ ಟೀಚರ್, ಹೆಗ್ಗಡದೇವನಕೋಟೆ

ಅವನ ಪ್ರಶ್ನೆಯೇ ಸರಿಯಾಗಿದೆ, ಹಾಗೆಯೇ ಹೇಳಿ. ಪತ್ರಿಕೆಯಲ್ಲಿ ಬಿಟ್ಟ ಜಾಗಕ್ಕೆ ಪತ್ರಿಕೆಯವರು ಬಯಸುವ ಪದ ಬರೆದುಬಿಡು, ಕೊಟ್ಟಿಗೆಯ ಹಸು ಬೇರೆ ಎಂದು ಹೇಳಿ. ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವಷ್ಟು ಬುದ್ಧಿ ಆ ವಯಸ್ಸಿಗೆ ಇರುತ್ತದೆ. ಸಾಧ್ಯವಾದರೆ ಆ ಟೀಚರನ್ನು ಜಗಳವಿಲ್ಲದೆ ಒಮ್ಮೆ ಭೇಟಿ ಮಾಡಿ. ರಾತ್ರಿ ಅರವತ್ತು ಪತ್ರಿಕೆ ತಿದ್ದುವವಳಿಗೆ ಒಂದು ಸೆಕೆಂಡೂ ಸಿಗುವುದಿಲ್ಲ, ಮೂರು ಎಲ್ಲಿಂದ ಬರಬೇಕು.

ತಿಪಟೂರಿನ ಸೊಸೆ (ಚರ್ಚೆ ಆರಂಭಿಸಿದವರು)

ಎರಡು ವಾರ ಕಳೆಯಿತು, ನಡೆದದ್ದನ್ನು ತಿಳಿಸುತ್ತೇನೆ. ಮೊದಲು ನಾನು ಮಗಳಿಗೆ, ಗೊತ್ತಾದದ್ದನ್ನು ಅಜ್ಜಿಗೆ ಹೇಳಬೇಕೆಂದರೆ ಅಜ್ಜಿ ಒಬ್ಬರೇ ಇರುವಾಗ ಹೇಳು ಎಂದು ತಿಳಿಸಿದೆ. ಯಾಕೆ ಎಂದಳು. ನಿನ್ನ ತಪ್ಪನ್ನು ಟೀಚರ್ ಎಲ್ಲರ ಎದುರಿಗೆ ಓದಿದಾಗ ಹೇಗಾಗಿತ್ತು ಎಂದು ಕೇಳಿ, ಎಣಿಸುತ್ತಾ ಕಾದೆ. ಮೂರಲ್ಲ, ಹತ್ತು ಎಣಿಸಬೇಕಾಯಿತು. ಉತ್ತರ ಕೊಡದೆ ಎದ್ದು ಅಜ್ಜಿಯ ಕೋಣೆಗೆ ಹೋದಳು.

ಶನಿವಾರ ಅತ್ತೆಯವರೇ ಒನಕೆಯನ್ನು ಹೊರಗೆ ತಂದರು. ತಟ್ಟೆಯಲ್ಲಿ ನಿಂತಿತು, ನೀರಿಲ್ಲದ ತಟ್ಟೆಯಲ್ಲೂ ನಿಂತಿತು, ಗಾರೆಯ ನೆಲದ ಮೇಲೂ ನಿಂತಿತು, ಚಾಪೆಯ ಮೇಲೆ ನಿಲ್ಲಲಿಲ್ಲ. ಪಕ್ಕದ ಮನೆಯಿಂದ ತಂದ ಇನ್ನೊಂದು ಒನಕೆ ಅಣಸು ಸವೆದು ತುದಿ ಉರುಟಾಗಿತ್ತು, ಅದು ಎಲ್ಲಿಯೂ ನಿಲ್ಲಲಿಲ್ಲ. ಇಷ್ಟಾದ ಮೇಲೂ ಅತ್ತೆ ಸೋಲೊಪ್ಪಲಿಲ್ಲ. "ಬೇರೆ ದಿನ ನಾವು ಕಷ್ಟಪಟ್ಟು ನಿಲ್ಲಿಸಬೇಕು, ಗ್ರಹಣದ ದಿನ ಇಟ್ಟ ಕೂಡಲೇ ನಿಲ್ಲುತ್ತದೆ, ಅದೇ ವ್ಯತ್ಯಾಸ" ಎಂದರು. ಮಗಳು ಇದನ್ನು ಗಂಭೀರವಾಗಿ ತೆಗೆದುಕೊಂಡು, ಹಾಗಾದರೆ ಎಷ್ಟು ಸಲಕ್ಕೆ ನಿಲ್ಲುತ್ತದೆ ಎಂದು ಬರೆದಿಡಬೇಕು ಎಂದಳು. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಈಗ ಇಬ್ಬರೂ ಸೇರಿ ಗೀಟು ಹಾಕುತ್ತಿದ್ದಾರೆ. ನಿಲ್ಲಿಸುವವರು ಅತ್ತೆ, ಗೀಟು ಮಗಳದು. ಮುಂದಿನ ಚಂದ್ರಗ್ರಹಣ 2026ರ ಮಾರ್ಚ್ 3ಕ್ಕಂತೆ, ಅಂದು ಎಣಿಸಿ ಹೋಲಿಸುವುದೆಂದು ಒಪ್ಪಂದವಾಗಿದೆ. ಕಥೆ ಹೇಳುವುದೂ ಮೊದಲಿನಂತೆ ನಡೆಯುತ್ತಿದೆ. ಯಜಮಾನರು ಮಾತ್ರ ಇನ್ನೂ ಏನೂ ಹೇಳಿಲ್ಲ, ನಿನ್ನೆ ಯಾರೂ ಇಲ್ಲದಾಗ ತಾವೂ ಒಮ್ಮೆ ನಿಲ್ಲಿಸಿ ನೋಡಿದ್ದನ್ನು ನಾನು ಅಡುಗೆಮನೆಯಿಂದ ಕಂಡೆ.

ನೆರಳು ಅಳೆಯುವವ

ಒಂದು ತಿದ್ದುಪಡಿ ಮೇಡಂ. ಮಾರ್ಚ್ 3ರಂದು ನಮ್ಮಲ್ಲಿ ಚಂದ್ರ ಹುಟ್ಟುವುದೇ ಸಂಜೆ ಸುಮಾರು ಆರೂವರೆಗೆ, ಗ್ರಹಣ ಬಿಡುವುದು 6.47ಕ್ಕೆ. ಚಂದ್ರನನ್ನು ನೋಡುತ್ತಾ ಒನಕೆ ನಿಲ್ಲಿಸಬೇಕೆಂದರೆ ನಿಮಗೆ ಸಿಗುವುದು ಕಾಲು ಗಂಟೆ ಮಾತ್ರ. ಒನಕೆ, ತಟ್ಟೆ, ಪೆನ್ಸಿಲ್ ಎಲ್ಲವನ್ನೂ ಆರು ಗಂಟೆಗೇ ಮಹಡಿಯ ಮೇಲೆ ತೆಗೆದುಕೊಂಡು ಹೋಗಿ ಇಟ್ಟುಕೊಳ್ಳಿ.

ಹಳೆಯ ಬೇರು

ನಮ್ಮ ಮನೆಯಲ್ಲಿಯೂ ಒಂದು ಒನಕೆ ಇದೆ. ಅಣಸು ಗಟ್ಟಿಯಾಗಿದೆ. ಅಂದು ನಾವೂ ಎಣಿಸುತ್ತೇವೆ, ಸಂಖ್ಯೆಯನ್ನು ಇಲ್ಲಿಯೇ ಹಾಕುತ್ತೇನೆ.